ಅವರ ಹೆಸರಿನಲ್ಲಿದ್ದ ನಂಬರು

ನವೆಂಬರ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಆಂಟಾಪ್ ಹಿಲ್‌ನಲ್ಲಿ ನಮ್ಮ ಬಿಲ್ಡಿಂಗಿನ ನೆಲ ಅಂತಸ್ತಿನ ಕೋಣೆ. ಹಾಜರಿದ್ದವರು ನಾನು, ಹಿಂದಿನ ಚಾಳಿನ ಟೇಲರ್ ಹೆಂಗಸು, ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಕ್ಯಾಷಿಯರ್ ಆಗಿರುವ ನಮ್ಮ ಮೇಲಿನ ಮಾಳಿಗೆಯ ಗೃಹಸ್ಥರು, ಅಂಧೇರಿಯ ಆಫೀಸಿಗೆ ಹೋಗುವ ಅವರ ಮಗಳು. ಕರೆಯದೆ ಬಂದವಳು ಒಬ್ಬಳು, ಗಾರೆ ಕೆಲಸದವನ ಹೆಂಡತಿ. ಅವಳು ಒಳಗೆ ಬರದೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ತಾರೀಖು, ಗಂಟೆ, ಹಾಜರಿ, ಇಷ್ಟನ್ನು ಮೊದಲು ಹೇಳದೆ ನನಗೆ ಮುಂದಿನದನ್ನು ಹೇಳಲು ಬರುವುದಿಲ್ಲ. ಮುನಿಸಿಪಲ್ ಆಸ್ಪತ್ರೆಯ ವಾರ್ಡುಗಳಲ್ಲಿ ಸಿಸ್ಟರ್ ಆಗಿ ದುಡಿದವಳು ನಾನು. ಗದಗಿನ ಕಡೆಯಿಂದ ಟ್ರೇನಿಂಗಿಗೆಂದು ಬಂದ ಹುಡುಗಿಗೆ ಅಲ್ಲಿ ಮೊದಲು ಕಲಿಸಿದ್ದು ಇಂಜೆಕ್ಷನ್ ಕೊಡುವುದನ್ನಲ್ಲ, ಪಾಳಿ ಒಪ್ಪಿಸುವುದನ್ನು. ಒಂದೊಂದು ಹಾಸಿಗೆಯ ಮುಂದೆಯೂ ನಿಂತು ಈ ರೋಗಿಗೆ ಏನು ಕೊಟ್ಟಿದೆ, ಏನು ಬಾಕಿ ಇದೆ ಎಂದು ಬಾಯಿಬಿಟ್ಟು ಹೇಳಬೇಕು. ಮುಂದಿನ ಪಾಳಿಯವಳು ಹೂಂ ಎಂದ ಮೇಲೆಯೇ ಮುಂದಿನ ಹಾಸಿಗೆ. ಕೊನೆಯ ಹಾಸಿಗೆ ಒಪ್ಪಿಸದೆ ಮನೆಗೆ ಹೋಗುವಂತಿರಲಿಲ್ಲ.

ನನ್ನ ಗಂಡ ಆ ವರ್ಷ ಗಣಪತಿ ಕೂರುವ ಮುಂಚಿನ ವಾರ ತೀರಿಕೊಂಡಿದ್ದರು. ಆಮೇಲೂ ನಾನು ನೀರು ಬರುವ ಹೊತ್ತಿಗೆ ಏಳುತ್ತಿದ್ದೆ, ಪೀಪಾಯಿ ತುಂಬುತ್ತಿದ್ದೆ, ಚಹಾ ಇಡುತ್ತಿದ್ದೆ, ಕಿಟಕಿಯ ಸರಳು ಒರೆಸುತ್ತಿದ್ದೆ. ಅವರ ಅಂಗಿಗಳನ್ನು ಒಗೆದು, ಇಸ್ತ್ರಿ ಮಾಡಿಸಿ, ಬೇಕೆಂದವರಿಗೆ ಕೊಟ್ಟಿದ್ದೂ ಆಗಿತ್ತು. ಹಲ್ಲು ಕೀಳುವ ಮುಂಚೆ ಮರಗಟ್ಟಿಸುತ್ತಾರಲ್ಲ, ಆಗ ವೈದ್ಯರು ಒತ್ತಿದರೆ ಒತ್ತಿದ್ದು ತಿಳಿಯುತ್ತದೆ, ನೋವು ತಿಳಿಯುವುದಿಲ್ಲ. ನನ್ನ ದಿನಗಳು ಹಾಗೆ ಸಾಗುತ್ತಿದ್ದವು. ಸಿಸ್ಟರ್ ಅಳಲಿಲ್ಲವೆಂದು ಬಿಲ್ಡಿಂಗಿನವರಿಗೆ ಸ್ವಲ್ಪ ಚಿಂತೆಯಿತ್ತು. ನನಗೆ ಅದೂ ಇರಲಿಲ್ಲ.

ಕೋಣೆಯ ವಿಷಯ ಹೇಳಬೇಕು. ಹಿಂದೆ ಅದು ಕನ್ನಡ ಪತ್ರಿಕೆಗಳು ಬರುತ್ತಿದ್ದ ವಾಚನಾಲಯ. ಓದುವವರು ಕಡಿಮೆಯಾಗುತ್ತ ಬಂದು ಕೊನೆಗೆ ಅಲ್ಲಿ ಒಂದು ಕೇರಂ ಬೋರ್ಡು ಮಾತ್ರ ಉಳಿದಿತ್ತು. ಅಷ್ಟು ಹೊತ್ತಿಗೆ ಎಲ್ಲ ಕೆಲಸವೂ ಮೊಬೈಲಿನ ಮೂಲಕ ಆಗತೊಡಗಿತು. ರೇಷನ್, ಗ್ಯಾಸ್, ಶಾಲೆಯ ಅಡ್ಮಿಷನ್, ಆಸ್ಪತ್ರೆಯ ಕಾರ್ಡು, ಯಾವುದಕ್ಕೆ ಹೋದರೂ ಒಟಿಪಿ ಹೇಳಿ ಎನ್ನುತ್ತಾರೆ. ನಮ್ಮ ಸುತ್ತಲಿನ ಚಾಳುಗಳಲ್ಲಿರುವವರು ಹೆಚ್ಚಿನ ಪಾಲು ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಊರಿಗೆ ಹೋದಾಗ ಒಂದು ಸಿಮ್, ತಿರುಗಿ ಬಂದಾಗ ಇನ್ನೊಂದು. ಯಾವ ಕಾರ್ಡಿಗೆ ಯಾವ ನಂಬರು ಕೊಟ್ಟಿದ್ದೆವೆಂದು ಅವರಿಗೇ ನೆನಪಿರುತ್ತಿರಲಿಲ್ಲ. ಬೆರಳಚ್ಚು ಕೊಡೋಣವೆಂದರೆ ಸಿಮೆಂಟು ತಿಂದ ಬೆರಳಿನಲ್ಲಿ ಗೆರೆಯೇ ಉಳಿದಿರುವುದಿಲ್ಲ, ಯಂತ್ರ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಹೀಗಾಗಿ ರಸ್ತೆಗಳು ಕೂಡುವ ನಾಕಾದ ಸೈಬರ್ ಅಂಗಡಿಯವನು ಎಲ್ಲರ ಕಾರ್ಡಿಗೂ ತನ್ನದೇ ನಂಬರು ಹಾಕಿಕೊಂಡಿದ್ದ. ಯಾರ ಕೆಲಸ ಇವತ್ತು ಆಗಬೇಕು, ಯಾರದು ಬರುವ ತಿಂಗಳು ಆದರೂ ನಡೆಯುತ್ತದೆ ಎಂಬುದೆಲ್ಲ ಅವನ ಮೂಡಿನ ಮೇಲೆ ಇತ್ತು.

ನನ್ನ ಗಂಡ ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ಒಂದು ಭಾನುವಾರ ಎಲ್ಲರನ್ನೂ ಕೋಣೆಯಲ್ಲಿ ಸೇರಿಸಿ, ನಂಬರು ನಮ್ಮದೇ ಇದ್ದರೆ ಅವನ ಹಂಗೇಕೆ ಎಂದು ಕೇಳಿದರು. ಹಾಗೆ ಕೋಣೆಗೆ ಒಂದು ಫೋನು ಬಂತು, ಒಂದು ಹಳೆಯ ಕಂಪ್ಯೂಟರು ಬಂತು, ಅಂಗಳದಲ್ಲಿ ಕೂತವರಿಗೂ ಸಿಗುವ ವೈಫೈ ಬಂತು. ನೀರಿನ ಹೊತ್ತು, ಲಸಿಕೆಯ ದಿನ, ಯಾವ ಕಚೇರಿಗೆ ಯಾವ ಕಾಗದ ಒಯ್ಯಬೇಕು ಎಂಬುದನ್ನೆಲ್ಲ ಕನ್ನಡದಲ್ಲೂ ದಖನಿಯಲ್ಲೂ ಧ್ವನಿ ಹಿಡಿದು ಕಂಪ್ಯೂಟರಿನಲ್ಲಿ ಇಟ್ಟೆವು. ಓದು ಬಾರದವರು ಫೋನು ಕಿವಿಗೆ ಹಿಡಿದು ಕೇಳಿಕೊಂಡು ಹೋಗುತ್ತಿದ್ದರು. ಭಾನುವಾರದ ಸಭೆಯಲ್ಲಿ ಎಲ್ಲರೆದುರು ಓದಿ ಹೇಳದೆ ಯಾವುದನ್ನೂ ಅದರೊಳಗೆ ಹಾಕುವಂತಿರಲಿಲ್ಲ.

ಫೋನಿಗೆ ಬೇರೆಯೇ ನಿಯಮ. ಅದು ಇರುತ್ತಿದ್ದುದು ಎರಡು ಬೀಗದ ಉಕ್ಕಿನ ಕಪಾಟಿನಲ್ಲಿ. ಒಂದು ಕೀಲಿ ನಮ್ಮ ಮನೆಯಲ್ಲಿ, ಇನ್ನೊಂದು ಟೇಲರ್ ಹೆಂಗಸಿನ ಹತ್ತಿರ. ಇಬ್ಬರೂ ಬಂದರೆ ಮಾತ್ರ ಫೋನು ಹೊರಗೆ. ಯಾರ ಒಟಿಪಿ ಬರಬೇಕೋ ಅವರ ಕೈಗೆ ಫೋನು ಕೊಟ್ಟು, ಕೀಲಿಯವರಿಬ್ಬರೂ ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು. ಕಾಲನಿಯಲ್ಲಿ ಇದಕ್ಕೆ ಗೋಡೆ ನೋಡುವುದು ಎಂದೇ ಹೆಸರು ಬಿತ್ತು. ಗಂಡ ಹೆಂಡತಿ ಜಗಳವಾಡುವ ಮನೆಯ ಮುಂದೆ ಹಾದು ಹೋಗುವವರು ಕೂಡ, ನಡಿ ನಡಿ, ಗ್ವಾಡಿ ನೋಡು ಎಂದು ನಗುತ್ತಿದ್ದರು.

ಇಷ್ಟೆಲ್ಲ ಯೋಚಿಸಿದವರು ಒಂದನ್ನು ಯೋಚಿಸಿರಲಿಲ್ಲ. ಸಿಮ್ ಕೊಳ್ಳುವಾಗ ಯಾರದಾದರೂ ಆಧಾರ್ ಬೇಕೆಂದರು. ನನ್ನ ಗಂಡ ಜೇಬಿನಿಂದ ತೆಗೆದು ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು, ಸಮೋಸಾ ತರಿಸಿದರು. ಅಂಗಡಿಯವನ ಕೈಯಿಂದ ಬಿಡಿಸಿಕೊಂಡ ನಂಬರನ್ನು ಇನ್ನೊಬ್ಬ ಮನುಷ್ಯನ ಉಸಿರಿಗೆ ಕಟ್ಟುತ್ತಿದ್ದೇವೆಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಅವರ ಬಿಪಿ ಮಾತ್ರೆ ದಿನವೂ ಕೈಯಾರೆ ಕೊಡುತ್ತಿದ್ದ ನನಗೂ ಹೊಳೆಯಲಿಲ್ಲ.

ಶನಿವಾರ ಸಂಜೆ ಆ ಫೋನಿಗೆ ಸಿಮ್ ಕಂಪನಿಯಿಂದ, ಯಾರ ಹೆಸರಿನಲ್ಲಿ ನಂಬರಿದೆಯೋ ಅವರೇ ಮುಖ ತೋರಿಸಬೇಕೆಂದು ಮೆಸೇಜು ಬಂದಿತ್ತು. ಭಾನುವಾರ ಬೆಳಿಗ್ಗೆ ನಾವು ಸೇರಿದ್ದು ಅದಕ್ಕಾಗಿ. ಕ್ಯಾಷಿಯರ್ ಮಗಳು ಓದಿ ಬಿಡಿಸಿ ಹೇಳಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಆಡುವಾಗ ಅರ್ಧಕ್ಕೆ ನಿಲ್ಲುತ್ತದೆ.

"ಆಂಟಿ, ಅಂಕಲ್ ಕಾ ಫೇಸ್ ಮಾಂಗ್ ರಹೇ ಹೈ. ಕ್ಯಾಮೆರಾ ಮುಂದೆ ಕೂತು ಕಣ್ಣು... ಕಣ್ಣು ಬ್ಲಿಂಕ್ ಮಾಡಬೇಕು. ಆಜ್ ಲಾಸ್ಟ್ ಹೈ. ನಾಳೆಯಿಂದ ನಂಬರ್ ಬಂದ್."

ಬಾಗಿಲಲ್ಲಿ ನಿಂತಿದ್ದವಳು ಒಳಗೆ ಬಂದಳು. ಅವಳ ಗಂಡ ಕಟ್ಟಡಕ್ಕೆ ಕಟ್ಟಿದ ಬಿದಿರಿನ ಪರಾಂಚಿಯ ಮೇಲಿಂದ ಬಿದ್ದು ಸೊಂಟದ ಕೀಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ಕಾಲಿಗೆ ತೂಕ ಕಟ್ಟಿ ಮಲಗಿಸಿ ಬಹಳ ದಿನವಾಗಿತ್ತು. ಸರ್ಕಾರದ ಯೋಜನೆಯ ಕಾರ್ಡಿನಲ್ಲಿ ಮಂಗಳವಾರ ಆಪರೇಷನ್ ಎಂದು ಗೊತ್ತಾಗಿತ್ತು. ಅದಕ್ಕೆ ಮೊದಲು, ಸೋಮವಾರ, ಕಾರ್ಡಿನಲ್ಲಿರುವ ನಂಬರಿಗೆ ಮಂಜೂರಾತಿಯ ಒಟಿಪಿ ಬರುತ್ತದೆ, ಅದನ್ನು ಆಸ್ಪತ್ರೆಯ ಮೇಜಿನಲ್ಲಿ ಹೇಳಬೇಕು. ಕಾರ್ಡಿನಲ್ಲಿದ್ದುದು ಕೋಣೆಯ ನಂಬರು. ಒಟಿಪಿ ಹೇಳದಿದ್ದರೆ ಥಿಯೇಟರಿನ ಆ ಹೊತ್ತು ಮುಂದಿನ ರೋಗಿಗೆ ಹೋಗುತ್ತದೆ. ಮತ್ತೆ ಯಾವಾಗ ಎಂದು ಹೇಳುವವರಿಲ್ಲ. ಅಂಥ ಸೊಂಟವನ್ನು ಹೆಚ್ಚು ದಿನ ಹಾಗೇ ಬಿಟ್ಟರೆ ಅವನು ಮತ್ತೆ ಏಣಿ ಹತ್ತುವುದಿಲ್ಲ, ಇದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಕ್ಯಾಷಿಯರ್ ಬಳಿ ಒಂದು ಉಪಾಯ ತಯಾರಿತ್ತು. ಫೋನಿನ ನಿಯಮಗಳನ್ನು ಧ್ವನಿ ಹಿಡಿದ ದಿನ ಯಾರೋ ನನ್ನ ಗಂಡನ ವಿಡಿಯೋ ಮಾಡಿದ್ದರು. ಅದನ್ನು ಇನ್ನೊಂದು ಮೊಬೈಲಿನಲ್ಲಿ ಹಾಕಿ ಕ್ಯಾಮೆರಾದ ಎದುರು ಹಿಡಿಯುವುದು.

"ಎಂತ ತೊಂದರೆಯೂ ಇಲ್ಲ ಸಿಸ್ಟರೇ," ಎಂದರು. "ಅದರಲ್ಲಿ ಕಣ್ಣು ಮಿಟುಕಿಸ್ತಾರೆ, ನಾನು ಬೇಕಂತಲೇ ನೋಡಿದ್ದೇನೆ. ಕಾಲನಿಗಾಗಿ ಅವರು ಬೇಡ ಅನ್ಲಿಕ್ಕಿಲ್ಲ. ಜೀವ ಇದ್ದಾಗ ಯಾವ ಕೆಲಸಕ್ಕಾದ್ರೂ ಬೇಡ ಅಂದದ್ದುಂಟಾ?"

ಟೇಲರ್ ಹೆಂಗಸು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ನಕ್ಕೋ ಜೀ. ಹೋದವ್ರಿಗ್ಯಾಕ್ ತ್ರಾಸ ಕೊಡ್ತೀರಿ."

ನಾನು ವಿಡಿಯೋ ಹಾಕಲು ಹೇಳಿದೆ. ಹುಡುಗಿ ತಂದೆಯ ಮುಖ ನೋಡಿದಳು, ಆಮೇಲೆ ಹಾಕಿದಳು. ಅವರು ಇದೇ ಕಪಾಟಿನ ಮುಂದೆ ನಿಂತು ಕೈಯಲ್ಲಿ ಕಾಗದ ಹಿಡಿದು ಓದುತ್ತಿದ್ದರು. ನಡುವೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು, ಅದನ್ನು ಮತ್ತೆ ಹಾಕಿಕೊಳ್ಳುವ ಮುಂಚೆ ಹೌದು, ಕಣ್ಣು ಮಿಟುಕಿಸಿದರು. ಕಾಲರಿನ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ನಾನು ಅದನ್ನು ನೋಡಿದೆ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನನಗೆ ಏನೂ ಆಗಲಿಲ್ಲ. ಅಪರಿಚಿತ ರೋಗಿಯ ಎಕ್ಸ್‌ರೇ ನೋಡಿದ ಹಾಗೆ ನೋಡಿ ಮುಗಿಸಿದೆ.

ಇದು ಒಂದೇ ಸಲ ಸಾಕಾಗುತ್ತದೆಯೇ ಎಂದು ಹುಡುಗಿಯನ್ನು ಕೇಳಿದೆ. ಇಲ್ಲ, ಕಂಪನಿಯವರು ಮತ್ತೆ ಮತ್ತೆ ಕೇಳಬಹುದು ಎಂದಳು.

"ಹಾಗಾದರೆ ಅವರು ಕೇಳಿದಾಗೆಲ್ಲ ಇವರನ್ನು ಎಬ್ಬಿಸಬೇಕೇ?" ಎಂದೆ.

ಗಾರೆಯವನ ಹೆಂಡತಿ ನನ್ನ ಹತ್ತಿರ ಬಂದಳು. ಅವಳು ಅಳುತ್ತಿರಲಿಲ್ಲ. ಕೂಲಿಗೆ ಮಾತಾಡುವ ಹಾಗೆ ನೇರವಾಗಿ ಮಾತಾಡಿದಳು.

"ಒಂದ್ಸಲ ಎಬ್ಬಸ್ರೀ ಸಿಸ್ಟರಬಾಯಿ. ನನ್ ಗಂಡನ ಸಲುವಾಗಿ ಒಂದೇ ಸಲ. ಆಮ್ಯಾಲ ಮಕ್ಕೊಳ್ಳಲಿ."

ನಾನು ಗೋಡೆಯ ಗಡಿಯಾರ ನೋಡಿದೆ. ದಿನ ಇನ್ನೂ ಪೂರ್ತಿ ಬಾಕಿಯಿತ್ತು. ಹುಡುಗಿಯನ್ನು ಮತ್ತೊಂದು ಪ್ರಶ್ನೆ ಕೇಳಿದೆ, ಕಾರ್ಡಿನಲ್ಲಿ ನಂಬರು ಬದಲಾಯಿಸಲು ಏನು ಬೇಕು ಎಂದು. ಹಳೆಯ ನಂಬರಿಗೊಂದು ಒಟಿಪಿ, ಹೊಸ ನಂಬರಿಗೊಂದು ಒಟಿಪಿ, ಎರಡೂ ಹೇಳಿದರೆ ಆಯಿತು ಎಂದಳು. ಹಳೆಯದು ಸತ್ತ ಮೇಲೆ ಹೋದರೆ ಬೆರಳಚ್ಚು ಕೇಳುತ್ತಾರೆ.

ಅಂದರೆ ಈ ನಂಬರು ಇವತ್ತು ರಾತ್ರಿಯವರೆಗೆ ಡ್ಯೂಟಿಯಲ್ಲಿದೆ, ಅಷ್ಟರಲ್ಲಿ ಒಂದೊಂದು ಮನೆಯ ಕಾರ್ಡನ್ನೂ ಹಾಸಿಗೆ ಒಪ್ಪಿಸಿದಂತೆ ಹೊಸ ನಂಬರಿಗೆ ಒಪ್ಪಿಸಿದರೆ ಸಾಕು. ಹಾಗೆಂದೇ ಅವರಿಗೆ ಹೇಳಿದೆ. ಕ್ಯಾಷಿಯರಿಗೆ ಒಪ್ಪಿಗೆಯಾಗಲಿಲ್ಲ. ಇಷ್ಟು ವರ್ಷ ಎಲ್ಲರ ಬಾಯಲ್ಲಿ ಇದ್ದ ನಂಬರು, ಮಕ್ಕಳು ಹಾಡಿನ ಹಾಗೆ ಹೇಳುತ್ತಾರೆ, ಅದನ್ನು ಬಿಟ್ಟುಕೊಡುವುದೇ ಎಂದು ತಕರಾರು ಮಾಡಿದರು. ಸಾವಿನ ದಾಖಲೆ ಕೊಟ್ಟು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ನಾಲ್ಕು ದಿನ ತಡವಾದೀತು, ಅಷ್ಟೇ ಎಂದರು. ನಾಲ್ಕು ದಿನ ಎಂದು ಕೇಳಿ ಗಾರೆಯವನ ಹೆಂಡತಿ ಅವರ ಕಡೆ ತಿರುಗಿದಳು.

"ನನ್ನ ಹೆಸರಿಗೆ ಮಾಡಿದರೆ ನಾಳೆ ನಾನೂ ಸಾಯುತ್ತೇನೆ," ಎಂದೆ. "ಆಗ ನನ್ನ ವಿಡಿಯೋ ಯಾರ ಹತ್ತಿರ ಇದೆ?"

"ಛೆ, ಬಿಡ್ತು ಅನ್ನಿ ಮಾರಾಯ್ರೆ," ಎಂದವರು ಕೊನೆಗೆ ಕೈ ಎತ್ತಿದರು. ನಮ್ಮಲ್ಲಿ ಕೈ ಎತ್ತಿದರೆ ಒಪ್ಪಿಗೆ.

ಒಂಬತ್ತು ಗಂಟೆಗೆ ಶುರು ಮಾಡಿದೆವು. ಕ್ಯಾಷಿಯರ್ ಚಾಳುಗಳಲ್ಲಿ ಕೂಗಿ ಬಂದರು, ಆಮೇಲೆ ಹೋಟೆಲಿಗೆ ಹೊರಟುಹೋದರು. ಹುಡುಗಿ ಕಂಪ್ಯೂಟರಿನ ಮುಂದೆ ಕೂತಳು. ನಾನೂ ಟೇಲರ್ ಹೆಂಗಸೂ ಬೀಗ ತೆಗೆದು ಫೋನು ಹೊರಗಿಟ್ಟೆವು. ಒಬ್ಬೊಬ್ಬರೇ ಬಂದು, ಇನ್ನು ಮೇಲೆ ತಮ್ಮ ನಂಬರು ಯಾರದು ಎಂದು ಎಲ್ಲರಿಗೆ ಕೇಳುವಂತೆ ಹೇಳಬೇಕು. ಸ್ವಂತ ಫೋನು ಗಟ್ಟಿಯಾಗಿ ಇರುವವರು ತಮ್ಮದೇ ಎಂದರು. ಇಲ್ಲದವರು ಒಬ್ಬರನ್ನು ಆರಿಸಿಕೊಳ್ಳಬೇಕು, ಆರಿಸಿಕೊಂಡವರು ಅಲ್ಲಿಯೇ ಹೂಂ ಅನ್ನಬೇಕು. ಒಬ್ಬರ ನಂಬರಿಗೆ ಎರಡು ಮನೆಗಿಂತ ಹೆಚ್ಚು ಬೇಡವೆಂದು ನಾನು ಹೇಳಿದೆ. ಅದಕ್ಕೂ ಕೈ ಎತ್ತಿದರು.

ಆ ಬೆಳಿಗ್ಗೆ ನಾನು ಕಾಲನಿಯ ಬಗ್ಗೆ ಬಹಳ ತಿಳಿದುಕೊಂಡೆ. ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಆರಿಸಲಿಲ್ಲ. ಒಬ್ಬ ಅತ್ತೆ ಮಗನ ಹೆಸರು ಬಿಟ್ಟು ಸೊಸೆಯ ಹೆಸರು ಹೇಳಿದಳು, ಮಗ ಅಲ್ಲೇ ನಿಂತಿದ್ದ. ಒಬ್ಬ ತನಗೆ ಸೈಬರ್ ಅಂಗಡಿಯವನ ನಂಬರೇ ಇರಲಿ ಎಂದ. ಅವನಿಗೆ ಅಲ್ಲಿ ಸಾಲವಿತ್ತೋ ಸಲಿಗೆಯಿತ್ತೋ, ಯಾರೂ ಕೇಳಲಿಲ್ಲ. ಅವನ ಕಾರ್ಡು ಅವನ ಇಷ್ಟ. ಗೋಡೆ ನೋಡಿ ನೋಡಿ ನನ್ನ ಕುತ್ತಿಗೆ ಹಿಡಿದುಕೊಂಡಿತು. ನಡುವೆ ಒಮ್ಮೆ ನನ್ನ ಸರದಿಯೂ ಬಂತು, ಪೆನ್ಷನ್ನಿನ ಮೆಸೇಜು ನನಗೆ ಅದೇ ಫೋನಿಗೆ ಬರುತ್ತಿತ್ತು. ಟೇಲರ್ ಹೆಂಗಸು ಗೋಡೆ ನೋಡಿದಳು, ನಾನು ಅಂಕಿ ಓದಿ ನನ್ನ ಸಣ್ಣ ಫೋನಿನ ನಂಬರು ಹಾಕಿಸಿಕೊಂಡೆ. ಮುಂದಿನವರನ್ನು ಕರೆದೆ.

ಗಾರೆಯವನ ಹೆಂಡತಿಯದು ಮಾತ್ರ ಅಲ್ಲಿ ಆಗುವಂತಿರಲಿಲ್ಲ. ಆಸ್ಪತ್ರೆಯ ಕೇಸು ತೆರೆದಿದ್ದರಿಂದ ಆಸ್ಪತ್ರೆಯ ಮೇಜಿನಲ್ಲೇ, ರೋಗಿಯ ಮುಖ ತೋರಿಸಿಯೇ ಬದಲಾಯಿಸಬೇಕಂತೆ. ಹೊಸ ನಂಬರು ಯಾರದೆಂದು ಅವಳನ್ನು ಕೇಳಿದೆ. ಗಂಡನ ಫೋನು ಅವನ ಜೊತೆಗೇ ಬಿದ್ದು ಪುಡಿಯಾಗಿತ್ತು, ಅವಳಿಗೆ ಬೇರೆ ಫೋನಿರಲಿಲ್ಲ. ಅವಳು ಟೇಲರ್ ಹೆಂಗಸನ್ನು ತೋರಿಸಿದಳು.

"ನಮ್ ಇಬ್ರ ನಡುವ ಒಂದ ತಗಡ ಅದ. ಆಕಿ ರಾತ್ರಿ ಕೆಮ್ಮಿದ್ರ ನನಗ ಕೇಳ್ತದ, ನಾ ಗಂಡನ್ನ ಬೈದದ್ದು ಆಕಿಗಿ ಕೇಳ್ತದ. ಇನ್ನೇನ ಮುಚ್ಚಿಡಾದದ?"

"ಬೈದದ್ದೆಲ್ಲಾ ಪಾಠ ಆಗ್ಯಾದ ನನಗ," ಎಂದಳು ಟೇಲರ್ ಹೆಂಗಸು. "ಹೂಂ."

ಕೋಣೆಯ ಫೋನು ಹೊಸ್ತಿಲು ದಾಟಬಾರದೆಂಬ ನಿಯಮವೂ ಇತ್ತು. ಇದ್ದವರನ್ನು ಕೇಳಿ, ಕೈ ಎಣಿಸಿ, ಅದನ್ನು ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಮನೆಗೆ ಹೋಗಿ ಗಂಜಿ ಕುಡಿದು, ಅವರ ಸಾವಿನ ದಾಖಲೆಯ ಒಂದು ಪ್ರತಿಯನ್ನೂ ಚೀಲದಲ್ಲಿ ಇಟ್ಟುಕೊಂಡೆ. ಮೂರು ಜನ ಹೆಂಗಸರು ಬಸ್ಸು ಹತ್ತಿದೆವು.

ಭೇಟಿಯ ಸಮಯ ನಾಲ್ಕಕ್ಕೆ ಶುರು. ಯೋಜನೆಯ ಮೇಜು ಆರಕ್ಕೆ ಮುಚ್ಚುತ್ತದೆ. ಮೇಜಿನಲ್ಲಿದ್ದ ಯುವಕ ಟ್ಯಾಬ್ ಹಿಡಿದು ನಮ್ಮ ಜೊತೆಗೇ ವಾರ್ಡಿಗೆ ಬಂದ, ಒಳ್ಳೆಯವನು. ಟ್ಯಾಬನ್ನು ಗಾರೆಯವನ ಮುಖಕ್ಕೆ ಹಿಡಿದ, ಒಟಿಪಿ ಕಳಿಸಿದ. ಮುಖ ತೋರಿಸಿದ ಅರ್ಧ ನಿಮಿಷದೊಳಗೆ ಅಲ್ಲಿಯೇ ಅಂಕಿ ಹೇಳಬೇಕಂತೆ. ಫೋನಿಗೆ ಏನೂ ಬರಲಿಲ್ಲ. ಅದು ಹಳೆಯ ಕಲ್ಲಿನ ಕಟ್ಟಡ, ಗೋಡೆ ಅಷ್ಟು ದಪ್ಪ. ಒಳವಾರ್ಡಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲ, ಟ್ಯಾಬ್ ಮಾತ್ರ ಆಸ್ಪತ್ರೆಯ ವೈಫೈಯಲ್ಲಿ ನಡೆಯುತ್ತಿತ್ತು. ಗಾರೆಯವನ ಹೆಂಡತಿ ಫೋನು ಹಿಡಿದು ಮೆಟ್ಟಿಲ ಕಡೆ ಓಡಿದಳು. ಮೆಸೇಜು ಬರುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯದೂ ತಪ್ಪಿದರೆ ಇವತ್ತಿಗೆ ಲಾಕ್ ಆಗುತ್ತದೆ ಎಂದು ಯುವಕ ಮರಾಠಿಯಲ್ಲಿ ಮೆಲ್ಲಗೆ ಹೇಳಿದ.

ಅವಳು ಗಂಡನ ಹಾಸಿಗೆಯ ಕಂಬಿ ಹಿಡಿದು ನಿಂತಳು. ಬೆಳಿಗ್ಗೆ ಕೇಳಿದ್ದನ್ನು ಮತ್ತೆ ಕೇಳಲಿಲ್ಲ. ನನ್ನ ಮುಖವನ್ನು ನೋಡಿದಳು, ಅಷ್ಟೇ. ವಿಡಿಯೋಗೆ ಒಪ್ಪಿದ್ದರೆ ಈ ಹೊತ್ತಿಗೆ ಅವಳು ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಇದನ್ನು ಯೋಚಿಸಿದೆ. ಆಮೇಲೆ ವಾರ್ಡನ್ನು ನೋಡಿದೆ.

ಇಂಥ ವಾರ್ಡುಗಳು ನನಗೆ ಪರಿಚಯ. ಕೊನೆಯಲ್ಲಿ ಒಂದು ವರಾಂಡಾ ಇರುತ್ತದೆ, ಮೈದಾನದ ಕಡೆ ಮುಖ ಮಾಡಿ. ಡ್ಯೂಟಿಯಲ್ಲಿದ್ದ ಸಿಸ್ಟರ್ ಹತ್ತಿರ ಹೋಗಿ ನಾನು ಯಾರೆಂದು ಹೇಳಿ, ಹಾಸಿಗೆಯನ್ನು ಸ್ವಲ್ಪ ಹೊತ್ತು ಹೊರಗೆ ಒಯ್ಯಲು ಕೇಳಿದೆ. ಅವಳು ಕಾಲಿಗೆ ಕಟ್ಟಿದ ತೂಕದ ಕಡೆ ಕೈ ತೋರಿಸಿ, ಅಲುಗಬಾರದು ಎಂದಳು. ಅಲುಗದಂತೆ ನಾನು ಹಿಡಿಯುತ್ತೇನೆ ಎಂದೆ. ಅವಳೂ ಬಂದು ಒಂದು ಕಡೆ ಹಿಡಿದಳು. ನಾನು ಕಾಲಿನಿಂದ ಗಾಲಿಯ ಬ್ರೇಕು ಬಿಡಿಸಿದೆ. ತಗ್ಗುದಿಣ್ಣೆಯ ಹಾಸುಗಲ್ಲಿನ ಮೇಲೆ ಹಾಸಿಗೆ ನಿಧಾನವಾಗಿ ಸಾಗಿತು. ಅಕ್ಕಪಕ್ಕದ ರೋಗಿಗಳು ತಲೆ ಎತ್ತಿ ನೋಡಿದರು.

"ಎಲ್ಲಿಗಿ ಒಯ್ಯಾಕತ್ತೀರಿ?" ಎಂದ ಗಾರೆಯವನು. "ಜುಹೂಕೇನು? ಭೇಳಪುರಿ ಕೊಡಸ್ತೀರೇನು?"

"ಸುಮ್ನ ಬಿದ್ಕೊ," ಎಂದಳು ಹೆಂಡತಿ.

ವರಾಂಡಾದ ಕಮಾನಿನ ಕೆಳಗೆ ಎರಡು ಗೆರೆ ಸಿಗ್ನಲ್ ಕಾಣಿಸಿತು. ಯುವಕ ಮತ್ತೆ ಟ್ಯಾಬನ್ನು ಗಾರೆಯವನ ಮುಖಕ್ಕೆ ಹಿಡಿದ, ಮತ್ತೆ ಒತ್ತಿದ. ಅವಳ ಕೈಯಲ್ಲಿದ್ದ ಫೋನಿಗೆ ಮೆಸೇಜು ಬಂತು. ನಾನೂ ಟೇಲರ್ ಹೆಂಗಸೂ ಅಭ್ಯಾಸದಂತೆ ಮೈದಾನದ ಕಡೆ ತಿರುಗಿದೆವು. ಗಾರೆಯವನ ಹೆಂಡತಿಗೆ ಅಕ್ಷರ ಬಾರದು, ಬಸ್ಸಿನ ನಂಬರು ನೋಡಿ ನೋಡಿ ಅಂಕಿ ಬರುತ್ತದೆ. ಒಂದೊಂದನ್ನೂ ಮೊದಲು ತನಗೆ ತಾನೇ ಕನ್ನಡದಲ್ಲಿ ಹೇಳಿಕೊಂಡು ಆಮೇಲೆ ಯುವಕನಿಗೆ ಮರಾಠಿಯಲ್ಲಿ ಹೇಳಿದಳು. ಟೇಲರ್ ಹೆಂಗಸಿನ ಫೋನು ಸದ್ದು ಮಾಡಿತು. ಅವಳು ತೆರೆಯದೆ, ನೋಡದೆ, ಕೈ ಹಿಂದಕ್ಕೆ ಚಾಚಿ ಕೊಟ್ಟಳು. ಆ ಅಂಕಿಗಳನ್ನೂ ಇವಳೇ ಓದಿದಳು.

ಯುವಕ ಪರದೆ ನೋಡಿದ. "ಝಾಲಂ," ಎಂದ, ಆಯಿತೆಂದು. ನಾಳೆಯ ಒಟಿಪಿ ಹೊಸ ನಂಬರಿಗೆ ಬರುತ್ತದೆ, ಮಂಗಳವಾರದ ಹೊತ್ತು ಹಾಗೇ ಇದೆ ಎಂದು ತೋರಿಸಿದ.

ಅವಳು ವರಾಂಡಾದ ನೆಲದ ಮೇಲೆ ಕೂತುಬಿಟ್ಟಳು. ಟೇಲರ್ ಹೆಂಗಸು ಅವಳ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ನಾನು ಹಾಸಿಗೆಯನ್ನು ತಿರುಗಿಸಿ ಒಳಗೆ ಒಯ್ಯಲು ಸಿಸ್ಟರಿಗೆ ನೆರವಾದೆ. ಇಬ್ಬರೂ ಸೇರಿ ತೂಕ ನೇರವಾಗಿದೆಯೇ ನೋಡಿದೆವು. ಮರಳಿ ಬ್ರೇಕು ಹಾಕಿದೆ.

ಕಂಪನಿಯ ಅಂಗಡಿ ಸ್ಟೇಷನ್ನಿನ ಹತ್ತಿರ ಇತ್ತು. ಇನ್ನು ಅಲ್ಲಿಗೇಕೆ, ರಾತ್ರಿ ತಾನಾಗಿಯೇ ಬಂದ್ ಆಗುತ್ತದಲ್ಲ ಎಂದು ಟೇಲರ್ ಹೆಂಗಸು ಕೇಳಿದಳು. ಡ್ಯೂಟಿ ಬಿಟ್ಟವರ ಹೆಸರು ರೋಸ್ಟರಿನಲ್ಲಿ ಉಳಿಯಬಾರದು ಎಂದೆ. ಕೌಂಟರಿನ ಹುಡುಗಿಗೆ ಸಾವಿನ ದಾಖಲೆ ಕೊಟ್ಟೆ. ಹೆಸರು, ಹುಟ್ಟಿದ ದಿನ, ನಿಮಗೆ ಏನಾಗಬೇಕು ಎಂದೆಲ್ಲ ಕೇಳಿದಳು. ಹೇಳಿದೆ. ಹಿಂದಿಯಲ್ಲಿ ಹೇಳಿದ್ದರಿಂದ ಸುಲಭವಾಯಿತು. ನಂಬರು ಚೆನ್ನಾಗಿದೆ ಆಂಟಿ, ನಿಮ್ಮ ಹೆಸರಿಗೆ ಮಾಡಿಕೊಡಲೇ ಎಂದಳು.

"ಬಂದ್ ಕರೋ," ಎಂದೆ.

ಫೋನನ್ನು ಕೌಂಟರಿನ ಮೇಲೆ ಇಟ್ಟು ಕಾದೆವು. ಒಂದು ಗ್ಯಾಸ್ ಬುಕಿಂಗಿನ ಜಾಹೀರಾತು ಬಂತು. ಆಮೇಲೆ ಮೇಲಿನ ಮೂಲೆಯ ಗೆರೆಗಳು ಹೋದವು. ಸಿಮ್ ತೆಗೆದು ಅವಳಿಗೆ ಕೊಟ್ಟೆ, ಅವಳು ಕತ್ತರಿಯಿಂದ ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದಳು.

ಕಾಲನಿಗೆ ಬಂದಾಗ ದೀಪ ಹತ್ತಿತ್ತು. ಕೋಣೆಯ ಹೊರಗೋಡೆಯ ಮುಂದೆ ಊರಿನಿಂದ ಅದೇ ತಾನೇ ಬಂದವನೊಬ್ಬ, ಗಂಟು ಮೂಟೆ ಕಾಲ ಬಳಿ ಇಟ್ಟುಕೊಂಡು, ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ. ಗೋಡೆಯ ಮೇಲೆ ನಂಬರು ಇತ್ತು, ನೀಲಿ ಬಣ್ಣದಲ್ಲಿ, ಕನ್ನಡದ ಅಂಕಿಯಲ್ಲೂ ಇಂಗ್ಲಿಷಿನ ಅಂಕಿಯಲ್ಲೂ. ರೇಷನ್ನಿಗೆ ಈ ನಂಬರು ಕೊಡು ಅಂತ ಹೇಳ್ಯಾರ್ರೀ ಎಂದ. ಅದು ಇನ್ನಿಲ್ಲ ಎಂದು ಹೇಳಿ, ನಾಳೆ ಬೆಳಿಗ್ಗೆ ಬರಲು ತಿಳಿಸಿದೆ. ಟೇಲರ್ ಹೆಂಗಸಿಗೆ ಹೊಲಿಗೆ ಬಾಕಿಯಿತ್ತು, ಅವಳು ಹೋದಳು. ಗಾರೆಯವನ ಹೆಂಡತಿ ಗೋಡೆಯನ್ನು ಒಂದು ಗಳಿಗೆ ನೋಡಿ ಮನೆಯಿಂದ ಗಂಡನ ಬ್ರಷ್ಷನ್ನೂ ಬಕೆಟ್ಟಿನ ತಳದಲ್ಲಿ ಉಳಿದಿದ್ದ ಬಿಳಿ ಬಣ್ಣವನ್ನೂ ತಂದಳು. ಗೋಡೆಯ ಮೇಲೆ ಆ ನಂಬರು ಬರೆದವನು ಅವಳ ಗಂಡನೇ.

"ಎಷ್ಟ್ ಚಂದ ಬರದಿದ್ದೆ, ಅಳಿಸಿದ್ರಲ್ಲ ಅಂತ ಬಂದು ಬೈತಾನ," ಎಂದಳು.

"ನಡೆದುಕೊಂಡು ಬಂದು ಬೈಯಲಿ," ಎಂದೆ.

ಅವಳು ಮೇಲಿನ ಸಾಲು ಬಳಿದಳು, ಎತ್ತರ ಸಾಲದ ನಾನು ಕೆಳಗಿನದು. ಮೊದಲ ಕೈಗೆ ನೀಲಿ ಮುಚ್ಚಲಿಲ್ಲ. ಒಣಗುವವರೆಗೆ ಮೆಟ್ಟಿಲ ಮೇಲೆ ಕೂತೆವು. ಎರಡನೆಯ ಕೈ ಬಳಿದ ಮೇಲೆ ಅವಳು ಊಟಕ್ಕೆ ಹೋದಳು. ನಾನು ನಲ್ಲಿಯ ಕೆಳಗೆ ಬ್ರಷ್ಷನ್ನು ನೀರು ತಿಳಿಯಾಗುವವರೆಗೆ ತೊಳೆದು, ಕೊಡವಿ, ಬಕೆಟ್ಟಿನ ಮೇಲೆ ಅಡ್ಡ ಇಟ್ಟೆ.